ಸಂಕೋಚದ ಸ್ವಭಾವದವರಿಗೆ ಡಿಗ್ರಿಯ ಮೊದಲ ವರ್ಷ

ನಲ್ಲೂರಿನಂಥ ಸಣ್ಣ ಊರಲ್ಲಿ ಬೆಳೆದವರಿಗೆ ತಮ್ಮ ಪರಿಚಯ ತಾವೇ ಹೇಳಿಕೊಳ್ಳುವ ಪ್ರಮೇಯ ಹೆಚ್ಚಾಗಿ ಬಂದಿರುವುದಿಲ್ಲ. 'ಯಾರ ಮಗನಪ್ಪ ನೀನು?' ಎಂದವರಿಗೆ ಅಪ್ಪನ ಹೆಸರು ಹೇಳಿದರೆ ಸಾಕು. ಡಿಗ್ರಿಗೆಂದು ಚನ್ನಗಿರಿಗೋ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋದ ದಿನ ಆ ಅನುಕೂಲ ತಪ್ಪುತ್ತದೆ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಿಂದ ಬಂದವರದೂ ಇದೇ ಪಾಡು. ಮಾತುಗಾರರು ಒಂದೇ ವಾರದಲ್ಲಿ ಗುಂಪು ಕಟ್ಟಿಕೊಳ್ಳುತ್ತಾರೆ, ಸಂಕೋಚದವರು ಕೊನೇ ಬೆಂಚಿನಲ್ಲಿ ಉಳಿಯುತ್ತಾರೆ.

ಅಂಥವರಿಗೆ 'ಧೈರ್ಯ ಮಾಡು, ಎಲ್ಲರ ಜೊತೆ ಬೆರೆ' ಎಂಬ ಉಪದೇಶದಿಂದ ಪ್ರಯೋಜನವಿಲ್ಲ. ಸಂಕೋಚ ರೋಗವಲ್ಲ. ಸ್ವಭಾವ ಬದಲಿಸಿಕೊಳ್ಳದೆಯೂ ಈ ವರ್ಷವನ್ನು ಚೆನ್ನಾಗಿ ದಾಟಬಹುದು. ಅದಕ್ಕೆ ಬೇಕಾದದ್ದು ದಿನವೂ ಅದೇ ಹೊತ್ತಿಗೆ ಅದೇ ಜನರ ನಡುವೆ ಇರುವ ಅಭ್ಯಾಸ.

ಮೊದಲು ವ್ಯವಸ್ಥೆ ತಿಳಿಯಿರಿ

ಸಂಕೋಚದವರಿಗೆ ಮೊದಲ ಪೆಟ್ಟು ಬೀಳುವುದು ಗೆಳೆಯರಿಲ್ಲ ಎಂಬುದಕ್ಕಿಂತ ಹೆಚ್ಚಾಗಿ, ಕೇಳಲು ಹಿಂಜರಿದು ಕೊನೇ ದಿನಾಂಕ ತಪ್ಪಿಸಿಕೊಳ್ಳುವುದರಿಂದ. ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಎಂದು ತಿಳಿದುಕೊಳ್ಳಿ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾಯಿತು, ಅದರ ಕೇಂದ್ರ ಶಂಕರಘಟ್ಟದಲ್ಲಿದೆ. ತೋಳಹುಣಸೆಯಲ್ಲಿದ್ದ ಅದರ ಸ್ನಾತಕೋತ್ತರ ಕೇಂದ್ರವೇ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಡಿಗ್ರಿ ಕಾಲೇಜುಗಳು ಇದಕ್ಕೆ ಸೇರುತ್ತವೆ, ಶಿವಮೊಗ್ಗದವು ಕುವೆಂಪುವಿಗೆ. ಹಾಗಾಗಿ ಒಂದೇ ಊರಿನ ಇಬ್ಬರು ಗೆಳೆಯರ ಪರೀಕ್ಷಾ ವೇಳಾಪಟ್ಟಿ ಬೇರೆ ಬೇರೆ ಇರಬಹುದು. ಊರಿನ ಗೆಳೆಯನ ಮಾತು ನಂಬಿ ಕೂರಬೇಡಿ.

ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನಡೆಯುತ್ತವೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಹಾಸ್ಟೆಲ್ ಸಿಗದವರಿಗೆ ಊಟ-ವಸತಿಯ ನೆರವು ಕೊಡುವ ವಿದ್ಯಾಸಿರಿಗೂ ಅಲ್ಲೇ ಅರ್ಜಿ. ಎರಡರ ಪಾಸ್‌ವರ್ಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಸೈಬರ್ ಸೆಂಟರಿನವರ ನಂಬರ್ ಬದಲು ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಹಾಜರಾತಿ ಶೇ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರುವುದೇ ಕಷ್ಟವಾಗುತ್ತದೆ. ಮೊದಲ ವಾರವೇ ತರಗತಿಯ ವಾಟ್ಸಾಪ್ ಗುಂಪಿಗೆ ಸೇರಿ. ದಿನಕ್ಕೊಮ್ಮೆ ನೋಟಿಸ್ ಬೋರ್ಡ್ ನೋಡಿ, ಅದಕ್ಕೆ ಯಾರ ಮುಂದೆಯೂ ಬಾಯಿ ತೆರೆಯಬೇಕಿಲ್ಲ.

ಗೆಳೆತನಕ್ಕೆ ಹೊತ್ತು ಬೇಕು

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು. ಆಪ್ತ ಗೆಳೆತನಕ್ಕೆ 200 ಗಂಟೆಗೂ ಮೀರಿ ಬೇಕು. ಪಾಠ, ಕೆಲಸದ ಹೊತ್ತಿಗಿಂತ ಬಿಡುವಿನಲ್ಲಿ ಜೊತೆಗಿದ್ದ ಹೊತ್ತು ಹೆಚ್ಚು ಫಲ ಕೊಡುತ್ತದೆ. ಇದು ಸಂಕೋಚದವರಿಗೆ ಸಮಾಧಾನದ ಸುದ್ದಿ. ಮೊದಲ ವಾರ ಗೆಳೆಯರಾಗಲಿಲ್ಲ ಎಂದರೆ ಗಂಟೆಗಳು ಇನ್ನೂ ಕೂಡಿಲ್ಲ ಎಂದಷ್ಟೇ ಅರ್ಥ.

ಬೆಳಗಿನ ಬಸ್ಸನ್ನೇ ತೆಗೆದುಕೊಳ್ಳಿ. ನಿಮ್ಮ ತರಗತಿಯವರೊಬ್ಬರು ಬರುವ ಬಸ್ಸಿನಲ್ಲೇ ಹೋಗಿಬಂದರೆ, ದಿನಕ್ಕೊಂದು ಗಂಟೆಯಂತೆ ವಾರಕ್ಕೆ ಆರು ದಿನ, ಎರಡು ತಿಂಗಳಿಗೆ ಹತ್ತಿರ ಹತ್ತಿರ 50 ಗಂಟೆ. ಮೊದಲ ದಿನ 'ಸೀಟಿದೆ, ಬನ್ನಿ' ಎಂದರೆ ಸಾಕು. ಮರುದಿನ 'ನಿನ್ನೆ ಅಸೈನ್‌ಮೆಂಟ್ ಏನ್ ಕೊಟ್ರು?' ಎಂದು ಕೇಳಿ. ಇಯರ್‌ಫೋನ್ ಮಾತ್ರ ಬ್ಯಾಗಿನಲ್ಲಿರಲಿ. ಹಾಸ್ಟೆಲ್‌ನವರಾದರೆ ಊಟಕ್ಕೆ ದಿನವೂ ಒಂದೇ ಹೊತ್ತಿಗೆ ಹೋಗಿ, ತಟ್ಟೆಯನ್ನು ರೂಮಿಗೆ ಒಯ್ಯಬೇಡಿ.

ಕೈಗೆ ಕೆಲಸವಿರುವ ಕಡೆ ಮಾತು ತಾನಾಗಿ ಬರುತ್ತದೆ. ಚನ್ನಗಿರಿ ಸೀಮೆಯವರಿಗೆ ಇದು ಗೊತ್ತಿರುವ ಸಂಗತಿಯೇ: ಅಡಿಕೆ ಸುಲಿಯುವಾಗ ಕಣ್ಣು ಕತ್ತಿಯ ಮೇಲಿರುತ್ತದೆ, ಮಾತು ಅದರ ಪಾಡಿಗೆ ಸಾಗುತ್ತಿರುತ್ತದೆ. ಮುಖ ನೋಡಿಕೊಂಡೇ ಮಾತಾಡಬೇಕೆಂಬ ಒತ್ತಡ ಅಲ್ಲಿಲ್ಲ. ಕಾಲೇಜಿನಲ್ಲಿ ಇಂಥ ಜಾಗವೆಂದರೆ ಪ್ರಾಕ್ಟಿಕಲ್ ಲ್ಯಾಬು ಮತ್ತು ಎನ್‌ಎಸ್‌ಎಸ್. 1969ರಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಏಳು ದಿನದ ವಿಶೇಷ ಶಿಬಿರವೂ ಇರುತ್ತದೆ. ಅಲ್ಲಿ ಗುದ್ದಲಿ ಹಿಡಿಯುವುದು, ತರಕಾರಿ ಹೆಚ್ಚುವುದು, ಬಡಿಸುವುದು ಎಲ್ಲ ಜೊತೆಯಾಗಿ ನಡೆಯುತ್ತದೆ. ವೇದಿಕೆ ಹತ್ತಲು ಹೆದರುವವರು ಅಡುಗೆ ತಂಡಕ್ಕೆ ಹೆಸರು ಕೊಡಲಿ.

ತರಗತಿಯಲ್ಲಿ ಬಾಯಿ ತೆರೆಯುವುದು

ಎದ್ದು ನಿಂತಾಗ ಎದೆ ಬಡಿತ ಎಲ್ಲರಿಗೂ ಕೇಳಿಸುತ್ತಿದೆ ಎನಿಸುತ್ತದೆ. ನಿಜವಾಗಿ ಅಷ್ಟು ಕಾಣಿಸುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಸವಿಟ್ಸ್ಕಿ ಮತ್ತು ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ, 'ನಿಮ್ಮ ಅಳುಕು ನೀವಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ' ಎಂದು ಭಾಷಣಕ್ಕೆ ಮುಂಚೆಯೇ ತಿಳಿಸಿದ್ದರು. ಅವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಕೇಳುಗರೂ ಹಾಗೆಯೇ ಅಂಕ ಕೊಟ್ಟರು.

ಎರಡನೇ ಸಾಲಿನಲ್ಲಿ ಕೂತರೆ ಹಿಂದಿನವರ ಮುಖ ಕಾಣುವುದಿಲ್ಲ. ಮೊದಲ ತಿಂಗಳು ಪ್ರಶ್ನೆಯನ್ನು ಪಾಠ ಮುಗಿದ ಮೇಲೆ ಕೇಳಿ: 'ಸರ್, ಆ ಕೊನೇ ಸ್ಟೆಪ್ ಇನ್ನೊಂದ್ಸಲ ಹೇಳ್ತೀರಾ?' ಇಷ್ಟೇ. ಸೆಮಿನಾರ್ ಇದ್ದರೆ ಮೊದಲ ಎರಡು ವಾಕ್ಯ ಬಾಯಿಪಾಠ ಮಾಡಿ, ಹಿಂದಿನ ದಿನ ಸಂಜೆ ಖಾಲಿ ತರಗತಿಯಲ್ಲಿ ಒಬ್ಬ ಗೆಳೆಯನ ಮುಂದೆ ಜೋರಾಗಿ ಹೇಳಿ.

ಕನ್ನಡ ಮಾಧ್ಯಮದಿಂದ ಬಂದವರ ಮೌನಕ್ಕೆ ಅರ್ಧ ಕಾರಣ ಇಂಗ್ಲಿಷ್. ಸಂದೇಹವನ್ನು ಕನ್ನಡದಲ್ಲೇ ಕೇಳಿ, ಅದರಲ್ಲಿ ಅವಮಾನವಿಲ್ಲ. ಪ್ರತಿ ವಿಷಯಕ್ಕೂ ನೋಟ್‌ಬುಕ್ಕಿನ ಕೊನೇ ಪುಟಗಳಲ್ಲಿ ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅರ್ಥ ಬರೆದುಕೊಳ್ಳುತ್ತಾ ಹೋಗಿ. ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ವಿಭಾಗದಲ್ಲಿ ಮೊದಲೇ ವಿಚಾರಿಸಿ.

ಸಂಕೋಚವನ್ನು ಮೀರಿದ್ದು ಯಾವುದು?

ಮನೆಯ ನೆನಪು ಸಹಜ, ಮೊದಲ ತಿಂಗಳು ಕಣ್ಣೀರು ಬಂದರೂ ಸಹಜ. ಆದರೆ ಎರಡು ವಾರ ಸತತವಾಗಿ ನಿದ್ದೆ, ಊಟ ಕೆಟ್ಟು, ತರಗತಿಗೆ ಹೋಗಲೇ ಆಗದಿದ್ದರೆ ಅದನ್ನು ನಾಚಿಕೆ ಎಂದು ತಳ್ಳಿಹಾಕಬೇಡಿ. 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸೀನಿಯರ್‌ಗಳ ಕಾಟವಾದರೆ ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಇದೆ.

ಮನೆಯವರಿಗೂ ಮೇಷ್ಟ್ರುಗಳಿಗೂ ಒಂದು ವಿನಂತಿ. ಫೋನಿನಲ್ಲಿ 'ಎಷ್ಟು ಮಾರ್ಕ್ಸ್ ಬಂತು?' ಎಂದು ಕೇಳುವ ಮುಂಚೆ 'ಇವತ್ತು ಯಾರ ಜೊತೆ ಊಟ ಮಾಡಿದೆ?' ಎಂದು ಕೇಳಿ. ಹಾಜರಿ ಕರೆಯುವಾಗ ಮೆಲ್ಲಗೆ 'ಎಸ್ ಸರ್' ಎನ್ನುವ ಹುಡುಗ ಹುಡುಗಿಯರ ಹೆಸರನ್ನು ಮೊದಲ ತಿಂಗಳಲ್ಲೇ ನೆನಪಿಟ್ಟು ಕರೆಯಿರಿ. ಎಷ್ಟೋ ಮಕ್ಕಳು ಕಾಲೇಜು ಬಿಡದೆ ಉಳಿಯಲು ಅಷ್ಟು ಸಾಕಾಗುತ್ತದೆ.