ಚಿಕ್ಕ ಗಾಯದ ದೊಡ್ಡ ಶಸ್ತ್ರಕ್ರಿಯೆ



ಇಂಥ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವು ಶಾಲೆಯ ವೃತ್ತಾಂತವಾಗಿಯೋ ಹಿತವಚನವಾಗಿಯೋ ಇರುವುದು ವಾಡಿಕೆ. ಈ ಸಲ ನಾವು ಶರೀರಕ್ಕೆ ಸಂಬಂಧಪಟ್ಟ ಒಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವನ್ನು ಮೊದಲು ಹೇಳುವುದು ಯುಕ್ತ. ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಬಂದಿದ್ದಳು. ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಆ ಕೋಶವನ್ನೇ ತೆಗೆಸಿಕೊಂಡು ಆಕೆಗೆ ಹನ್ನೊಂದು ದಿನಗಳಾಗಿದ್ದುವು. "ಟೀಚರ್, ಹೊಟ್ಟೆಯ ಮೇಲೆ ನಾಲ್ಕು ಚುಕ್ಕೆಗಳಷ್ಟೇ ಇವೆ. ಅವುಗಳನ್ನು ನೋಡಿ ಅತ್ತೆಯವರು, ಇದೂ ಒಂದು ಆಪರೇಷನ್ನೇ ಎಂದು ನಕ್ಕು, ನಾಲ್ಕನೆಯ ದಿನವೇ ನೀರಿನ ಕೊಡವನ್ನು ಕೈಗೆ ಕೊಟ್ಟರು" ಎಂದು ಆಕೆಯೂ ನಗುತ್ತಲೇ ಹೇಳಿದಳು. ನಮಗೆ ನಗು ಬರಲಿಲ್ಲ. ಆಕೆಯ ತಾಯಿಗೂ ಹಿಂದೆ ಇದೇ ಶಸ್ತ್ರಕ್ರಿಯೆ ಆಗಿತ್ತು. ಆಗ ಅವರ ಹೊಟ್ಟೆಯ ಮೇಲಣ ಉದ್ದನೆಯ ಹೊಲಿಗೆಯನ್ನು ಕಂಡು ಮನೆಯವರೆಲ್ಲ ವಾರಗಟ್ಟಲೆ ಆರೈಕೆ ಮಾಡಿದ್ದರು. ತಾಯಿಯಿಂದ ತೆಗೆದುದೂ ಮಗಳಿಂದ ತೆಗೆದುದೂ ಒಂದೇ ಅವಯವ. ಭೇದವಿದ್ದುದು ಬಾಗಿಲಿನಲ್ಲಿ ಮಾತ್ರ.

ಆ ಬಾಗಿಲು ಹೇಗೆ ಕಿರಿದಾಯಿತೆಂಬುದನ್ನೂ, ಕಿರಿದಾದ ಮಾತ್ರಕ್ಕೆ ಒಳಗಣ ಕಾರ್ಯವು ಕಿರಿದಾಗಲಿಲ್ಲವೆಂಬುದನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ಪೂರ್ವದಲ್ಲಿ ಪಿತ್ತಕೋಶವನ್ನು ತೆಗೆಯಬೇಕಾದರೆ ಬಲಪಕ್ಕೆಯ ಕೆಳಗೆ ಚರ್ಮವನ್ನೂ ಸ್ನಾಯುಗಳನ್ನೂ ಉದ್ದಕ್ಕೆ ಕೊಯ್ಯಬೇಕಾಗುತ್ತಿತ್ತು. ಗಾಯದ ನೋವಿನಿಂದ ರೋಗಿಯು ದೀರ್ಘವಾಗಿ ಉಸಿರೆಳೆಯಲಾರದೆ, ಕೆಮ್ಮಲಾರದೆ, ಎದೆಯಲ್ಲಿ ಕಫ ಕಟ್ಟುತ್ತಿತ್ತು. ಕೆಲವರಿಗೆ ಗಾಯವು ಕೀವಾಗುತ್ತಿತ್ತು. ಕೆಲವರಿಗೆ ವರ್ಷಗಳ ಮೇಲೆ ಹೊಲಿಗೆಯ ಸ್ಥಳದಲ್ಲಿಯೇ ಕರುಳು ಉಬ್ಬಿಕೊಂಡು ಹರ್ನಿಯಾ ಆಗುತ್ತಿತ್ತು. ಹೀಗೆ ರೋಗಿಯ ಸಂಕಟದಲ್ಲಿ ಬಹುಭಾಗವು ಒಳಗಣ ಕಾರ್ಯದಿಂದಲ್ಲ, ಒಳಹೊಗುವ ದಾರಿಯಿಂದಲೇ ಉಂಟಾಗುತ್ತಿತ್ತು.

ಈ ದಾರಿಯನ್ನು ಕಿರಿದಾಗಿಸುವ ಪ್ರಯತ್ನವು ಹೊಸದಲ್ಲ. 1901ರಲ್ಲಿ ಜರ್ಮನಿಯ ಗೆಯೋರ್ಗ್ ಕೆಲ್ಲಿಂಗ್ ಎಂಬ ವೈದ್ಯರು ನಾಯಿಯೊಂದರ ಹೊಟ್ಟೆಯಲ್ಲಿ ಗಾಳಿಯನ್ನು ತುಂಬಿ, ಮೂತ್ರಕೋಶವನ್ನು ನೋಡುವುದಕ್ಕಾಗಿ ಇದ್ದ ನಳಿಗೆಯನ್ನು ತೂರಿಸಿ, ಒಳಗಣ ಅವಯವಗಳನ್ನು ಕಂಡರು. 1910ರಲ್ಲಿ ಸ್ವೀಡನ್ನಿನ ಯಾಕೊಬೇಯುಸ್ ಎಂಬವರು ಮನುಷ್ಯರಲ್ಲಿಯೂ ಇದು ಸಾಧ್ಯವೆಂದು ತೋರಿಸಿದರು. 1930ರ ದಶಕದಲ್ಲಿ ಹಂಗೆರಿಯ ವೆರೆಷ್ ಎಂಬ ವೈದ್ಯರು ಸ್ಪ್ರಿಂಗ್ ಇರುವ ಒಂದು ಸೂಜಿಯನ್ನು ನಿರ್ಮಿಸಿದರು. ಕ್ಷಯರೋಗಿಗಳ ಎದೆಯೊಳಕ್ಕೆ ಗಾಳಿಯನ್ನು ಬಿಡುವುದಕ್ಕಾಗಿ ಹುಟ್ಟಿದ ಈ ಸೂಜಿಯು, ಗೋಡೆಯನ್ನು ದಾಟಿದೊಡನೆ ತನ್ನ ಮೊಂಡು ತುದಿಯನ್ನು ಮುಂಚಾಚಿ ಒಳಗಣ ಅವಯವಗಳನ್ನು ಚುಚ್ಚದಂತೆ ಕಾಯುತ್ತದೆ. ಹೊಟ್ಟೆಗೆ ವಾಯುವನ್ನು ತುಂಬಲು ಇಂದಿಗೂ ಅದು ಬಳಕೆಯಲ್ಲಿದೆ.

ನೋಡುವುದು ಬೇರೆ, ಕೊಯ್ಯುವುದು ಬೇರೆ. 1980ರಲ್ಲಿ ಜರ್ಮನಿಯ ಕೀಲ್ ನಗರದ ಸ್ತ್ರೀರೋಗವೈದ್ಯ ಕುರ್ಟ್ ಜೆಮ್ಮರು ಈ ಮಾರ್ಗದಿಂದ ಅಪೆಂಡಿಕ್ಸನ್ನು ತೆಗೆದಾಗ ಅವರಿಗೆ ದೊರೆತುದು ಮೆಚ್ಚಿಕೆಗಿಂತ ನಿಂದೆಯೇ ಹೆಚ್ಚು. ಅದೇ ದೇಶದ ಎರಿಕ್ ಮ್ಯೂಹೆ ಎಂಬವರು 1985ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಪಿತ್ತಕೋಶವನ್ನು ಹೀಗೆ ತೆಗೆದರು. ಮರುವರ್ಷ ಅವರು ತಮ್ಮ ದೇಶದ ಶಸ್ತ್ರವೈದ್ಯರ ಸಂಘದ ಮುಂದೆ ಇದನ್ನು ವಿವರಿಸಿದಾಗ ಸಭಿಕರು ನಂಬಲಿಲ್ಲ. ಅದೇ ಸಂಘವು 1992ರಲ್ಲಿ ಅವರನ್ನು ಸನ್ಮಾನಿಸಿತು. 1987ರಲ್ಲಿ ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ ಫಿಲಿಪ್ ಮೂರೆಯವರು ಈ ಕಾರ್ಯವನ್ನು ನಡೆಸಿದ ಬಳಿಕ ಅದು ಬಹು ಬೇಗನೆ ಲೋಕಕ್ಕೆಲ್ಲ ಹಬ್ಬಿತು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಡಾಕ್ಟರ್ ತೆಹೆಂಟನ್ ಉದ್ವಾಡಿಯಾ ಅವರು ಜೆ. ಜೆ. ಆಸ್ಪತ್ರೆಯಲ್ಲಿ ಇದನ್ನು ಆರಂಭಿಸಿದರು. ಬಡವರು ಬರುವ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇದು ಮೊದಲಾಯಿತೆಂಬುದು ಸ್ಮರಿಸತಕ್ಕ ಸಂಗತಿ. ದಿನಗೂಲಿಯ ಮನುಷ್ಯನಿಗೆ ಬೇಗನೆ ಕೆಲಸಕ್ಕೆ ಹಿಂದಿರುಗುವುದು ಭೋಗವಲ್ಲ, ಮನೆಯವರ ಅನ್ನ.

ಈಗ ಕಾರ್ಯದ ಕ್ರಮವನ್ನು ನೋಡೋಣ. ಇದನ್ನು ಲ್ಯಾಪರೋಸ್ಕೋಪಿ ಎಂದೂ, ಕನ್ನಡದಲ್ಲಿ ಉದರದರ್ಶಕ ಶಸ್ತ್ರಕ್ರಿಯೆ ಎಂದೂ ಕರೆಯುತ್ತಾರೆ. ರೋಗಿಗೆ ಪೂರ್ಣ ಅರಿವಳಿಕೆಯನ್ನು ಕೊಟ್ಟ ಮೇಲೆ, ಹೊಕ್ಕುಳಿನ ಬಳಿ ಒಂದು ಸಣ್ಣ ರಂಧ್ರವನ್ನು ಮಾಡಿ ಇಂಗಾಲಾಮ್ಲ ವಾಯುವನ್ನು ತುಂಬುತ್ತಾರೆ. ನಾವು ಸೋಡಾದಲ್ಲಿ ಕುಡಿಯುವುದೂ ಈ ವಾಯುವನ್ನೇ. ಅದು ಉರಿಯುವುದಿಲ್ಲ; ರಕ್ತದಲ್ಲಿ ಸುಲಭವಾಗಿ ಕರಗಿ ಉಸಿರಿನೊಡನೆ ಹೊರಟುಹೋಗುತ್ತದೆ. ಪಾದರಸದ 12ರಿಂದ 15 ಮಿಲಿಮೀಟರಿನಷ್ಟು ಒತ್ತಡದಲ್ಲಿ ಹೊಟ್ಟೆಯ ಗೋಡೆಯು ಡೇರೆಯಂತೆ ಮೇಲೇಳುತ್ತದೆ. ಒಳಗೆ ಕೆಲಸಕ್ಕೆ ಸ್ಥಳವಾಗುತ್ತದೆ. ಬಳಿಕ ದೀಪವೂ ಕ್ಯಾಮೆರಾವೂ ಕೂಡಿದ ನಳಿಗೆಯನ್ನು ಇಳಿಸಿ, ಇನ್ನು ಮೂರು ಕಿರಿಯ ರಂಧ್ರಗಳ ಮೂಲಕ ಉದ್ದನೆಯ ಇಕ್ಕುಳ, ಕತ್ತರಿಗಳನ್ನು ಹೊಗಿಸುತ್ತಾರೆ. ವೈದ್ಯರು ತೆರೆಯ ಮೇಲಿನ ಚಿತ್ರವನ್ನು ನೋಡುತ್ತ ಪಿತ್ತಕೋಶದ ನಾಳಕ್ಕೂ ರಕ್ತನಾಳಕ್ಕೂ ಲೋಹದ ಪುಟ್ಟ ಕ್ಲಿಪ್ಪುಗಳನ್ನು ಹಾಕಿ, ಅವುಗಳನ್ನು ಕತ್ತರಿಸಿ, ಕೋಶವನ್ನು ಯಕೃತ್ತಿನಿಂದ ಬಿಡಿಸಿ, ಚೀಲದಲ್ಲಿಟ್ಟು ರಂಧ್ರವೊಂದರಿಂದ ಹೊರತೆಗೆಯುತ್ತಾರೆ. ಎರಡು ದಿನ ಕೆಲವರಿಗೆ ಹೆಗಲು ನೋಯುವುದುಂಟು. ಉಳಿದ ವಾಯುವು ಎದೆ ಹೊಟ್ಟೆಗಳ ನಡುವಣ ವಪೆಯನ್ನು ಕೆಣಕುವುದರಿಂದ ಹಾಗಾಗುತ್ತದೆ, ಅದಕ್ಕೆ ಭಯಪಡಬೇಕಾಗಿಲ್ಲ.

ರೋಗಿಗೆ ಸುಲಭವಾದುದು ವೈದ್ಯರಿಗೆ ಕಷ್ಟವಾಯಿತೆಂಬುದನ್ನು ಮರೆಯಬಾರದು. ಅವರು ಬೆರಳಿನ ಸ್ಪರ್ಶವನ್ನು ಬಹುಮಟ್ಟಿಗೆ ಕಳೆದುಕೊಂಡರು. ಕೈಯನ್ನು ಬಲಕ್ಕೆ ಸರಿಸಿದರೆ ಒಳಗಣ ತುದಿಯು ಎಡಕ್ಕೆ ಸರಿಯುತ್ತದೆ. ಕನ್ನಡಿಯಲ್ಲಿ ನೋಡಿಕೊಂಡು ಹಿಂದಲೆಯ ಬೈತಲೆಯನ್ನು ತೆಗೆಯಲು ಹೊರಟವರಿಗೆ ಈ ತೊಡಕು ತಿಳಿದಿದೆ. ಆದುದರಿಂದ ಕಲಿಯುವ ವೈದ್ಯರು ಮೊದಲು ಒಂದು ಪೆಟ್ಟಿಗೆಯೊಳಗೆ ಅಭ್ಯಾಸ ಮಾಡುತ್ತಾರೆ: ಪುಟ್ಟ ಬಿಲ್ಲೆಗಳನ್ನು ಒಂದು ಗೂಟದಿಂದ ಇನ್ನೊಂದಕ್ಕೆ ಸಾಗಿಸುವುದು, ಬಟ್ಟೆಯ ಮೇಲಿನ ಗುರುತಿನಗುಂಟ ಕತ್ತರಿಸುವುದು, ಗಂಟು ಹಾಕುವುದು. ನಮ್ಮ ಶಿಶುವರ್ಗದ ಮಣಿಯಾಟವೂ ಹೊಲಿಗೆಯ ತರಗತಿಯೂ ಅಲ್ಲಿ ಪರೀಕ್ಷೆಯಾಗಿ ನಿಂತಿರುವುದನ್ನು ತಿಳಿದು, ಅಧ್ಯಾಪಕಿಯರಾದ ನಮಗೆ ಸಂತೋಷವಾಯಿತು.

ಈ ಅಭ್ಯಾಸವು ಸಾಲದೆಹೋದಾಗ ಏನಾಯಿತೆಂಬುದಕ್ಕೆ 1990ರ ದಶಕವೇ ಸಾಕ್ಷಿ. ಹೊಸ ವಿಧಾನಕ್ಕೆ ಎಲ್ಲರೂ ಒಮ್ಮೆಲೇ ಕೈಯಿಕ್ಕಿದ ಆ ವರ್ಷಗಳಲ್ಲಿ, ಪಿತ್ತಕೋಶದ ಸಣ್ಣ ನಾಳವೆಂದು ಭ್ರಮಿಸಿ ಮುಖ್ಯ ಪಿತ್ತನಾಳವನ್ನೇ ಕತ್ತರಿಸಿದ ಪ್ರಸಂಗಗಳು ಹಿಂದಿಗಿಂತ ಹೆಚ್ಚಿದುವು. ಇಂಥ ಪೆಟ್ಟು ತಗಲಿದ ರೋಗಿಯು ವರ್ಷಗಟ್ಟಲೆ ಬಳಲಬೇಕಾಗುತ್ತದೆ. ಪರಿಹಾರವಾಗಿ 1995ರಲ್ಲಿ ಅಮೆರಿಕದ ಸ್ಟ್ರಾಸ್‌ಬರ್ಗ್ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ಕಟ್ಟಳೆಯನ್ನು ಮುಂದಿಟ್ಟರು. ಆ ಸ್ಥಳದ ಕೊಬ್ಬನ್ನೆಲ್ಲ ಬಿಡಿಸಿರಬೇಕು. ಪಿತ್ತಕೋಶದ ಕೆಳಭಾಗವು ಯಕೃತ್ತಿನಿಂದ ಬೇರ್ಪಟ್ಟಿರಬೇಕು. ಕೋಶವನ್ನು ಸೇರುವ ನಾಳಗಳು ಎರಡೇ ಎರಡೆಂದು ಕಣ್ಣಿಗೆ ಕಾಣಬೇಕು. ಇವು ಮೂರೂ ನಿಶ್ಚಯವಾಗುವ ತನಕ ಯಾವುದನ್ನೂ ಕತ್ತರಿಸಲಾಗದು. ನಿಶ್ಚಯವಾಗದಿದ್ದರೆ ಕಾರ್ಯವನ್ನು ಅಲ್ಲಿಗೇ ನಿಲ್ಲಿಸುವುದೋ, ಹಳೆಯಂತೆ ಹೊಟ್ಟೆಯನ್ನು ತೆರೆಯುವುದೋ ವಿವೇಕ. ಹಾಗೆ ತೆರೆದ ವೈದ್ಯರನ್ನು ಸೋತವರೆಂದು ಮನೆಯವರು ದೂರಬಾರದು. ಅವರು ರೋಗಿಯ ಪ್ರಾಣವನ್ನು ತಮ್ಮ ಕೀರ್ತಿಗಿಂತ ಮೇಲಾಗಿ ಎಣಿಸಿದವರು.

ಈಚಿನ ಸಂಶೋಧನೆಗಳೂ ಈ ನಿಶ್ಚಯದ ಸುತ್ತಲೇ ತಿರುಗುತ್ತವೆ. ಇಂಡೊಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಕೊಟ್ಟು ವಿಶೇಷವಾದ ಬೆಳಕಿನಲ್ಲಿ ನೋಡಿದರೆ ಪಿತ್ತನಾಳಗಳು ಹೊಳೆಯುತ್ತವೆ. ತೆರೆಯ ಮೇಲೆ ಕ್ಷೇಮದ ಸ್ಥಳವನ್ನೂ ಅಪಾಯದ ಸ್ಥಳವನ್ನೂ ಗುರುತಿಸುವ ಕಂಪ್ಯೂಟರ್ ವಿಧಾನಗಳು ಪರೀಕ್ಷೆಯಲ್ಲಿವೆ. ಯಂತ್ರದ ಕೈಗಳೂ ಬಂದಿವೆ. 2001ರಲ್ಲಿ ವೈದ್ಯ ಜಾಕ್ ಮಾರೆಸ್ಕೋ ಅವರು ನ್ಯೂಯಾರ್ಕಿನಲ್ಲಿ ಕುಳಿತು, ಸಮುದ್ರದಾಚೆ ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನಲ್ಲಿ ಮಲಗಿದ್ದ ಸ್ತ್ರೀಯೊಬ್ಬಳ ಪಿತ್ತಕೋಶವನ್ನು ಯಂತ್ರದ ಮೂಲಕ ತೆಗೆದರು. ಆಶ್ಚರ್ಯವೇ ಸರಿ. ಆದರೆ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ರೋಗಿಗಳ ಲೆಕ್ಕವನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿತ್ತನಾಳದ ಪೆಟ್ಟು ಸಾಮಾನ್ಯ ಉದರದರ್ಶಕದಲ್ಲಿ 1000ಕ್ಕೆ 2 ಆಗಿದ್ದರೆ ಯಂತ್ರದ ಕೈಯಲ್ಲಿ 1000ಕ್ಕೆ 7 ಆಗಿತ್ತು.

ಸ್ತ್ರೀಯರು ವಿಶೇಷವಾಗಿ ತಿಳಿಯಬೇಕಾದ ಇನ್ನೊಂದು ಸಂಗತಿಯುಂಟು. ದೊಡ್ಡ ಕರುಳಿನ ಕ್ಯಾನ್ಸರಿಗೆ ಚಿಕ್ಕ ರಂಧ್ರದ ಮಾರ್ಗವು ತೆರೆದ ಮಾರ್ಗಕ್ಕೆ ಕಡಮೆಯಲ್ಲವೆಂದು 2004ರ ಪರೀಕ್ಷೆಯೊಂದು ತೋರಿಸಿತು. ಗರ್ಭಕೊರಳಿನ ಕ್ಯಾನ್ಸರಿಗೂ ಹಾಗೆಯೇ ಇರಬಹುದೆಂದು ಬಹುಮಂದಿ ವೈದ್ಯರು ನಂಬಿದ್ದರು. 631 ಸ್ತ್ರೀಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯು ಆ ನಂಬಿಕೆಯನ್ನು ಮುರಿಯಿತು. ನಾಲ್ಕೂವರೆ ವರ್ಷಗಳ ಬಳಿಕ ರೋಗವಿಲ್ಲದೆ ಬದುಕಿದ್ದವರು ತೆರೆದ ಮಾರ್ಗದಲ್ಲಿ 100ಕ್ಕೆ 96ಕ್ಕಿಂತ ಹೆಚ್ಚು. ಚಿಕ್ಕ ಮಾರ್ಗದಲ್ಲಿ 86 ಮಾತ್ರ. ಹೊಸತೆಲ್ಲ ಒಳ್ಳೆಯದೂ ಅಲ್ಲ, ಹಳೆಯದೆಲ್ಲ ಕೆಟ್ಟದ್ದೂ ಅಲ್ಲ. ಯಾವ ರೋಗಕ್ಕೆ ಯಾವ ದಾರಿ ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ದುಬಾರಿಯಾದುದೇ ಮುನ್ನಡೆ ಎಂದೂ ತಿಳಿಯಬೇಡಿ. ವಾಯುವಿನ ಸಿಲಿಂಡರು, ಪೂರ್ಣ ಅರಿವಳಿಕೆ ಇವು ದೊರೆಯದ ಹಳ್ಳಿಯ ಆಸ್ಪತ್ರೆಗಳಿಗಾಗಿ, ಹೊಟ್ಟೆಯ ಗೋಡೆಯನ್ನು ಒಂದು ಉಂಗುರದಂಥ ಸಾಧನದಿಂದ ಮೇಲೆತ್ತಿ, ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿಯೇ ಕಾರ್ಯವನ್ನು ನಡೆಸುವ ಕ್ರಮವನ್ನು ನಮ್ಮ ದೇಶದ ಗ್ರಾಮೀಣ ಶಸ್ತ್ರವೈದ್ಯರು ಬೆಳೆಸಿದ್ದಾರೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು ಅವರೊಡನೆ ಸೇರಿ ಆ ಸಾಧನವನ್ನು ಉತ್ತಮಪಡಿಸಿದ್ದಾರೆ. ಇಲ್ಲಿ ಕಲಿಸಿದವರು ಹಳ್ಳಿಯವರು, ಕಲಿತವರು ವಿಶ್ವವಿದ್ಯಾಲಯದವರು ಎಂದರೂ ತಪ್ಪಾಗದು.

ಕಡೆಯದಾಗಿ ಗೃಹಕೃತ್ಯಕ್ಕೆ ಬರೋಣ. ಪಿತ್ತಕೋಶದ ಕಲ್ಲು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಯಾವ ಬಾಧೆಯನ್ನೂ ಕೊಡದ ಕಲ್ಲನ್ನು ಸಾಮಾನ್ಯವಾಗಿ ಮುಟ್ಟಬೇಕಾಗಿಲ್ಲ. ಆದರೆ ಬಾಧೆಯಿದ್ದರೆ ಮುಚ್ಚಿಡಬಾರದು. ಮನೆಯ ಕೆಲಸಕ್ಕೆ ಅಡ್ಡಿಯಾದೀತೆಂದೋ, ಹುಡುಗಿಯ ಮೈಮೇಲೆ ಕಲೆಯಾದರೆ ಮದುವೆಗೆ ತೊಡಕೆಂದೋ ತಿಂಗಳುಗಟ್ಟಲೆ ನೋವನ್ನು ನುಂಗಿದವರನ್ನು ನಾವು ಬಲ್ಲೆವು. ತಡಮಾಡಿದಷ್ಟೂ ಒಳಗೆ ಊತ ಹೆಚ್ಚಿ, ಗುರುತುಗಳು ಮಸಕಾಗಿ, ಸುಲಭವಾಗಬಹುದಾದ ಕಾರ್ಯವು ಕಠಿನವಾಗುತ್ತದೆ. ವೈದ್ಯರ ಮುಂದೆ ಮೂರು ಮಾತುಗಳನ್ನು ಸಂಕೋಚವಿಲ್ಲದೆ ಕೇಳಿರಿ: ಈ ಶಸ್ತ್ರಕ್ರಿಯೆ ಅವಶ್ಯವೇ? ಈ ರೋಗಕ್ಕೆ ಯಾವ ಮಾರ್ಗ ಕ್ಷೇಮ, ಏಕೆ? ಇದನ್ನು ತಾವು ಎಷ್ಟು ಸಲ ಮಾಡಿದ್ದೀರಿ? ಒಳ್ಳೆಯ ವೈದ್ಯರು ಇದಕ್ಕೆ ಕೋಪಗೊಳ್ಳುವುದಿಲ್ಲ.

ಮನೆಗೆ ಬಂದ ಮೇಲೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯದೆ ಏರಿದರೆ, ಜ್ವರ, ವಾಂತಿ, ಹೊಟ್ಟೆಯುಬ್ಬರ, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ, ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹಿಂದಿರುಗಬೇಕು. ಮೆಲ್ಲಗೆ ನಡೆದಾಡುವುದು ಹಿತಕರ. ಭಾರವನ್ನೆತ್ತುವುದನ್ನು ವೈದ್ಯರು ಹೇಳಿದಷ್ಟು ಕಾಲ ಬಿಡಲೇಬೇಕು. ಅತ್ತೆಯರೂ ಗಂಡಂದಿರೂ ಆದ ಪೋಷಕರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಸೊಸೆಯ ಮೈಮೇಲಿನ ಚುಕ್ಕೆಗಳನ್ನು ಎಣಿಸಬೇಡಿರಿ, ಒಳಗೆ ನಡೆದುದನ್ನು ಎಣಿಸಿರಿ. ನಮ್ಮನ್ನು ಕಾಣಬಂದ ಆ ವಿದ್ಯಾರ್ಥಿನಿಗೆ ನಾವು ಕಾಫಿಯನ್ನು ಕೊಟ್ಟು, ಇಲ್ಲಿ ಬರೆದುದನ್ನೇ ಒಂದು ಹಾಳೆಯಲ್ಲಿ ಬರೆದು ಅತ್ತೆಯವರಿಗೆಂದು ಕಳುಹಿಸಿದೆವು. ಮುಂದಿನ ವಾರ ಆಕೆಯಿಂದ ಬಂದ ಉತ್ತರದಲ್ಲಿ ಒಂದೇ ಮಾತಿತ್ತು: ಕೊಡವನ್ನು ಈಗ ಅತ್ತೆಯವರ ಮಗನೇ ಹೊರುತ್ತಿದ್ದಾರೆ.