ಅಡೆತಡೆ ಓಟ: ಕಾಲಿಗಿಂತ ಕೈಗೇ ಪರೀಕ್ಷೆ

ಓಟದ ಸ್ಪರ್ಧೆ ಎಂದರೆ ಕಾಲಿನ ಬಲ ಮತ್ತು ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಗುಡ್ಡ ಹತ್ತಿಳಿದು ಏದುಸಿರು ಬಿಡುತ್ತಾ ಬಂದ ಸ್ಪರ್ಧಿ ಎತ್ತರದ ಗೋಡೆಯನ್ನು ದಾಟಿ, ಮರಳಿನ ಚೀಲ ಹೊತ್ತು, ಮುಳ್ಳುತಂತಿಯ ಕೆಳಗೆ ಕೆಸರಿನಲ್ಲಿ ತೆವಳಿ, ಬಳಿಕ ಒದ್ದೆ ಕೈಗಳಿಂದ ಕಬ್ಬಿಣದ ಬಳೆಗಳಿಗೆ ಜೋತುಬಿದ್ದು ಮುಂದೆ ಸಾಗಬೇಕಾದಾಗ ಈ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಆಬ್‌ಸ್ಟಕಲ್ ಕೋರ್ಸ್ ರೇಸಿಂಗ್ ಎಂದು ಕರೆಯಲಾಗುವ ಈ ಅಡೆತಡೆ ಓಟದಲ್ಲಿ ಅನೇಕರು ಸೋಲುವುದು ಕಾಲು ಸೋತು ಅಲ್ಲ, ಕೈ ಸಡಿಲಿ.

ಸೈನಿಕರ ಮೈದಾನದಿಂದ ಬಂದದ್ದು

ಈ ಕ್ರೀಡೆಯ ಮೂಲ ಇರುವುದು ಸೇನಾ ತರಬೇತಿಯಲ್ಲಿ. ಸೈನಿಕರಿಗಾಗಿಯೇ ಇರುವ ಮಿಲಿಟರಿ ಪೆಂಟಾಥ್ಲಾನ್‌ನಲ್ಲಿ 500 ಮೀಟರ್ ಅಂತರದಲ್ಲಿ 20 ಅಡೆತಡೆಗಳನ್ನು ದಾಟುವ ಓಟವಿದೆ. ನಮ್ಮಲ್ಲಿಯೂ ಎನ್‌.ಸಿ.ಸಿ. ಶಿಬಿರಗಳಿಗೆ ಹೋಗಿಬಂದವರಿಗೆ ಇಂಥ ಓಟದ ಪರಿಚಯವಿರುತ್ತದೆ. ಇದನ್ನು ಸಾರ್ವಜನಿಕ ಸ್ಪರ್ಧೆಯಾಗಿ ರೂಪಿಸಿದವರಲ್ಲಿ ಇಂಗ್ಲೆಂಡಿನ ಬಿಲ್ಲಿ ವಿಲ್ಸನ್ ಪ್ರಮುಖರು. ಅವರು 1987ರಲ್ಲಿ ವೂಲ್ವರ್‌ಹ್ಯಾಂಪ್ಟನ್ ಬಳಿ ಆರಂಭಿಸಿದ ‘ಟಫ್ ಗೈ’ ಸ್ಪರ್ಧೆ ಜನವರಿಯ ಕೊರೆಯುವ ಚಳಿಯಲ್ಲಿ ನಡೆಯುತ್ತಿತ್ತು. 2010ರಲ್ಲಿ ಅಮೆರಿಕದಲ್ಲಿ ‘ಸ್ಪಾರ್ಟನ್ ರೇಸ್’ ಮತ್ತು ‘ಟಫ್ ಮಡ್ಡರ್’ ಆರಂಭವಾದ ಮೇಲೆ ಕ್ರೀಡೆ ಜಗತ್ತಿನಾದ್ಯಂತ ಹರಡಿತು. ಭಾರತದಲ್ಲಿ 2012ರಲ್ಲಿ ಶುರುವಾದ ‘ಡೆವಿಲ್ಸ್ ಸರ್ಕ್ಯೂಟ್’ ಬೆಂಗಳೂರಿಗೂ ಬಂದಿದೆ.

ಸ್ಪಾರ್ಟನ್ ಓಟಗಳಲ್ಲಿ ಮೂರು ಮುಖ್ಯ ಹಂತಗಳಿವೆ. ಸುಮಾರು 5 ಕಿ.ಮೀ. ದೂರದ ‘ಸ್ಪ್ರಿಂಟ್’ನಲ್ಲಿ 20, 10 ಕಿ.ಮೀ.ಯ ‘ಸೂಪರ್’ನಲ್ಲಿ 25 ಹಾಗೂ 21 ಕಿ.ಮೀ.ಯ ‘ಬೀಸ್ಟ್’ನಲ್ಲಿ 30 ಅಡೆತಡೆಗಳಿರುತ್ತವೆ. ‘ಟಫ್ ಮಡ್ಡರ್’ನ ಸಾಮಾನ್ಯ ಓಟಗಳಲ್ಲಿ ಸಮಯಕ್ಕಿಂತ ಪರಸ್ಪರ ಸಹಾಯಕ್ಕೆ ಹೆಚ್ಚು ಮಹತ್ವ, ‘ಸ್ಪಾರ್ಟನ್’ನಲ್ಲಿ ಸಮಯವೇ ನಿರ್ಣಾಯಕ.

ಮುಂಗೈಯಲ್ಲಿ ನಡೆಯುವುದೇನು?

ಬೆರಳುಗಳನ್ನು ಮಡಚಿ ಹಿಡಿಯುವ ಸ್ನಾಯುಗಳು ಮುಖ್ಯವಾಗಿ ಮುಂಗೈಯಲ್ಲಿವೆ. ಓಡುವಾಗ ಕಾಲಿನ ಸ್ನಾಯು ಒಮ್ಮೆ ಬಿಗಿಯಾಗಿ ಮತ್ತೊಮ್ಮೆ ಸಡಿಲವಾಗುತ್ತದೆ. ಸಡಿಲವಾದಾಗ ರಕ್ತ ಹರಿದು ಆಮ್ಲಜನಕ ಒದಗುತ್ತದೆ. ಆದರೆ ಕಂಬಿಗೆ ಜೋತುಬಿದ್ದಾಗ ಮುಂಗೈ ಸ್ನಾಯು ಬಿಗಿಯಾಗಿಯೇ ಇರುತ್ತದೆ. ಆ ಬಿಗಿತ ತನ್ನೊಳಗಿನ ರಕ್ತನಾಳಗಳನ್ನೇ ಅಮುಕುವುದರಿಂದ ರಕ್ತದ ಹರಿವು ತಗ್ಗುತ್ತದೆ, ಆಯಾಸ ಬೇಗನೆ ಆವರಿಸುತ್ತದೆ. ಆಗ ಮನಸ್ಸು ಎಷ್ಟೇ ಆಜ್ಞಾಪಿಸಿದರೂ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಕೆಸರು, ಬೆವರು ಮತ್ತು ನೀರಿನಿಂದ ಕೈ ಜಾರಿದಷ್ಟೂ ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಬಿಗಿ ಹೆಚ್ಚಿದಷ್ಟೂ ಆಯಾಸ ಬೇಗ ಬರುತ್ತದೆ.

ಅನುಭವಿಗಳು ಈ ಕಾರಣದಿಂದಲೇ ಕಂಬಿಗಳ ಮೇಲೆ ತಡಮಾಡುವುದಿಲ್ಲ. ದೇಹವನ್ನು ಉಯ್ಯಾಲೆಯಂತೆ ತೂಗಿಸಿ, ಆ ವೇಗದಲ್ಲಿಯೇ ಒಂದು ಕೈಯಿಂದ ಇನ್ನೊಂದು ಕೈಗೆ ಭಾರ ವರ್ಗಾಯಿಸುತ್ತಾರೆ. ಹಗ್ಗ ಹತ್ತುವಾಗ ಪಾದಗಳ ನಡುವೆ ಹಗ್ಗವನ್ನು ಸಿಕ್ಕಿಸಿಕೊಂಡು ಕಾಲಿನ ಬಲದಿಂದ ಮೇಲೇರುತ್ತಾರೆ. ಕೇವಲ ತೋಳಿನ ಬಲ ನಂಬಿದವನು ಹಗ್ಗದ ತುದಿ ಮುಟ್ಟಿದರೂ ಮುಂದಿನ ಅಡೆತಡೆಗೆ ಕೈಯಲ್ಲಿ ಏನನ್ನೂ ಉಳಿಸಿಕೊಂಡಿರುವುದಿಲ್ಲ.

ಮನಸ್ಸಿನ ಪಾಲು

ಮ್ಯಾರಥಾನ್ ಓಟಗಾರನಿಗೆ ಒಂದು ಲಯ ಸಿಗುತ್ತದೆ. ಅಡೆತಡೆ ಓಟಗಾರನಿಗೆ ಆ ಭಾಗ್ಯವಿಲ್ಲ. ಕೆಲವು ನಿಮಿಷಗಳಿಗೊಮ್ಮೆ ಲಯ ಮುರಿಯುತ್ತದೆ, ದಣಿದ ಸ್ಥಿತಿಯಲ್ಲಿಯೇ ಹೊಸ ನಿರ್ಧಾರ ಕೈಗೊಳ್ಳಬೇಕಾಗುತ್ತದೆ. ಸ್ಪಾರ್ಟನ್ ಓಟದ ಈಟಿ ಎಸೆತ ಇದಕ್ಕೆ ಉತ್ತಮ ಉದಾಹರಣೆ. ಇಲ್ಲಿ ಒಂದೇ ಅವಕಾಶ. ಉಸಿರು ಮೇಲೆ ಕೆಳಗಾಗುತ್ತಿರುವಾಗ ಗುರಿ ತಪ್ಪುವುದು ಸುಲಭ. ಆದ್ದರಿಂದ ಜಾಣ ಸ್ಪರ್ಧಿ ಎಸೆತದ ಮುನ್ನ ಕೆಲವು ಹೆಜ್ಜೆ ನಿಧಾನಿಸಿ ಉಸಿರನ್ನು ಹತೋಟಿಗೆ ತರುತ್ತಾನೆ. ಕೆಲವು ಕ್ಷಣಗಳ ಈ ನಷ್ಟ ದಂಡದಿಂದ ಆಗುವ ನಷ್ಟಕ್ಕಿಂತ ಚಿಕ್ಕದು. ಅಡೆತಡೆಯಲ್ಲಿ ವಿಫಲರಾದವರು 30 ಬರ್ಪೀ ಮಾಡಬೇಕೆಂಬುದು ಸ್ಪಾರ್ಟನ್‌ನ ಪ್ರಸಿದ್ಧ ನಿಯಮವಾಗಿತ್ತು. ನೆಲಕ್ಕೆ ಎದೆ ತಾಗಿಸಿ ಎದ್ದು ಜಿಗಿಯುವ ಈ ಕಸರತ್ತು ಅಳಿದುಳಿದ ಶಕ್ತಿಯನ್ನೂ ಹೀರುತ್ತದೆ.

2014ರಲ್ಲಿ ಆರಂಭವಾದ ಅಡೆತಡೆ ಓಟದ ವಿಶ್ವ ಚಾಂಪಿಯನ್‌ಷಿಪ್‌ನ ನಿಯಮ ಮನಸ್ಸನ್ನು ಇನ್ನೊಂದು ರೀತಿಯಲ್ಲಿ ಪರೀಕ್ಷಿಸುತ್ತದೆ. ವಿಫಲನಾದವನು ಬಯಸಿದಷ್ಟು ಬಾರಿ ಮರಳಿ ಯತ್ನಿಸಬಹುದು. ಕೈಬಿಟ್ಟರೆ ಮಣಿಕಟ್ಟಿನ ಪಟ್ಟಿಯನ್ನು ಒಪ್ಪಿಸಬೇಕು. ತಕ್ಷಣ ಮತ್ತೆ ಯತ್ನಿಸಿದರೆ ಕೈ ಸೋತೇ ಇರುತ್ತದೆ. ಕಾದರೆ ಎದುರಾಳಿಗಳು ಒಬ್ಬೊಬ್ಬರಾಗಿ ದಾಟಿ ಹೋಗುತ್ತಾರೆ. ಅದನ್ನು ನೋಡುತ್ತಾ ಸುಮ್ಮನೆ ನಿಲ್ಲುವುದಕ್ಕೂ ಅಭ್ಯಾಸ ಬೇಕು.

ಅಪಾಯ ಮರೆಯುವಂತಿಲ್ಲ

ಈ ಕ್ರೀಡೆ ಜೀವಕ್ಕೆ ಎರವಾದ ನಿದರ್ಶನವೂ ಇದೆ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ನಡೆದ ಟಫ್ ಮಡ್ಡರ್‌ನಲ್ಲಿ, ಎತ್ತರದಿಂದ ನೀರಿಗೆ ಹಾರುವ ಅಡೆತಡೆಯಲ್ಲಿ ಯುವಕನೊಬ್ಬ ಮುಳುಗಿ ಅಸುನೀಗಿದ. ತಣ್ಣೀರಿಗೆ ಬಿದ್ದ ಕೂಡಲೇ ಮನುಷ್ಯ ತಡೆಯಲಾಗದಂತೆ ಗಕ್ಕನೆ ಉಸಿರೆಳೆದುಕೊಳ್ಳುತ್ತಾನೆ. ಆ ಕ್ಷಣ ಮುಖ ನೀರಿನೊಳಗಿದ್ದರೆ ನೀರು ಶ್ವಾಸಕೋಶ ಸೇರುತ್ತದೆ. ಈಜು ಬಾರದವರು ಇಂಥ ಅಡೆತಡೆಯನ್ನು ಬಿಟ್ಟು ಮುಂದೆ ಹೋಗುವುದೇ ವಿವೇಕ.

ಬಿಸಿಲ ನಾಡಿನಲ್ಲಿ ಶಾಖಾಘಾತದ ಭಯವೂ ಇದೆ. ಅದಕ್ಕೆ ಹೆದರಿ ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಪ್ರಮಾಣ ಕುಸಿಯಬಹುದು. ರೂಢಿಯಿಲ್ಲದ ಅತಿಶ್ರಮದಿಂದ ಸ್ನಾಯುಗಳು ಒಡೆದು, ಅವುಗಳಲ್ಲಿನ ವಸ್ತುಗಳು ರಕ್ತ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗುವುದೂ ಉಂಟು. ಓಟದ ಬಳಿಕ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಒಲಿಂಪಿಕ್ಸ್ ಅಂಗಳಕ್ಕೆ

ಟೋಕಿಯೊ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ 2021ರಲ್ಲಿ ಮುನ್ನಡೆಯಲ್ಲಿದ್ದ ಜರ್ಮನಿಯ ಅನಿಕಾ ಶ್ಲಾಯ್ ಅವರ ಕುದುರೆ ಜಿಗಿಯಲು ನಿರಾಕರಿಸಿತು. ಅವರ ತರಬೇತುದಾರರು ಕುದುರೆಗೆ ಗುದ್ದಿದ್ದು ದೊಡ್ಡ ವಿವಾದವಾಯಿತು. ಬಳಿಕ ಕುದುರೆ ಸವಾರಿಯ ಬದಲಿಗೆ ಅಡೆತಡೆ ಓಟವನ್ನು ಸೇರಿಸಲು ಆ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ 2022ರಲ್ಲಿ ತೀರ್ಮಾನಿಸಿತು. 2024ರ ಪ್ಯಾರಿಸ್ ಕ್ರೀಡಾಕೂಟವೇ ಸವಾರಿಗೆ ಕೊನೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಅಡೆತಡೆ ಓಟಕ್ಕೆ ಸ್ಥಾನ. ಆದರೆ ಅಲ್ಲಿ ಕೆಸರೂ ಇಲ್ಲ, ಗುಡ್ಡವೂ ಇಲ್ಲ. ಇಬ್ಬರು ಅಕ್ಕಪಕ್ಕದಲ್ಲಿ ಓಡಿ ಒಂದು ನಿಮಿಷದೊಳಗೆ ಮುಗಿಸುವ ಚಿಕ್ಕ ಹಾದಿಯದು.

ಆಸಕ್ತರು ಏನು ಮಾಡಬೇಕು? ಒಂದೆರಡು ವಾರದ ಸಿದ್ಧತೆ ಸಾಲದು. ಸ್ನಾಯು ಬಲಗೊಂಡಷ್ಟು ಬೇಗ ಸ್ನಾಯುರಜ್ಜು ಬಲಗೊಳ್ಳುವುದಿಲ್ಲವಾದ್ದರಿಂದ ಅವಸರಪಟ್ಟವರಿಗೆ ಮೊಣಕೈ, ಭುಜದ ನೋವು ಕಟ್ಟಿಟ್ಟದ್ದು. ಕಂಬಿಗೆ ಸುಮ್ಮನೆ ಜೋತುಬೀಳುವುದು, ಎರಡು ಕೈಯಲ್ಲೂ ತುಂಬಿದ ಕೊಡ ಹಿಡಿದು ನಡೆಯುವುದು, ವಾರಕ್ಕೊಮ್ಮೆ ಗುಡ್ಡ ಹತ್ತಿಳಿಯುವುದು, ಇಷ್ಟರಿಂದ ಆರಂಭಿಸಬಹುದು. ಇವುಗಳನ್ನು ತಿಂಗಳುಗಟ್ಟಲೆ ಬಿಡದೆ ಮಾಡಿದವರಿಗೆ ಸ್ಪರ್ಧೆಯ ದಿನ ಗೋಡೆಯ ಎತ್ತರ ತುಸು ಕಡಿಮೆಯಾದಂತೆ ಕಂಡರೆ ಆಶ್ಚರ್ಯವಿಲ್ಲ.