ಗದ್ದೆಗೆ ಹೊರಟ ಚಿತ್ತಾರ

ಹೊರಗೆ ಚಪ್ಪಲಿಗಳ ರಾಶಿ, ಗೋಡೆಗೆ ಒರಗಿಸಿದ ಒದ್ದೆ ಕೊಡೆಗಳು. ಒಳಗೆ ಮೈಕು ಸರಿಮಾಡುವವನ ಗಂಟಲು. ಸಭಾಭವನದ ನಡುವಿನ ಕುರ್ಚಿಗಳನ್ನೆಲ್ಲ ಬದಿಗೆ ಸರಿಸಿ ಉದ್ದಕ್ಕೆ ಜಮಖಾನ ಹಾಸಿದ್ದಾರೆ. ಅದರ ಮೇಲೆ ಸಾಲು ಸಾಲು ಬಿದಿರಿನ ಬುಟ್ಟಿಗಳು. ಮೈಯೆಲ್ಲ ಕೆಮ್ಮಣ್ಣು, ಅದರ ಮೇಲೆ ಬಿಳಿ ಎಳೆಗಳು, ಎಳೆಗಳ ನಡುವೆ ಕಪ್ಪು, ಹಳದಿಯ ಚುಕ್ಕಿ. ಒಂದೊಂದು ಬುಟ್ಟಿಯ ಮುಂದೆ ಒಂದೊಂದು ನಂಬರಿನ ಚೀಟಿ.

ಸೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ಇಂಥ ಭೂಮಣ್ಣಿ ಬುಟ್ಟಿಯ ಪ್ರದರ್ಶನ, ಸ್ಪರ್ಧೆಗಳು ಈಚಿನ ವರ್ಷಗಳಲ್ಲಿ ನಡೆಯುತ್ತಿವೆ. ಹಳ್ಳಿಗಳಿಂದ ಬೆಳಗಿನ ಬಸ್ಸಿಗೇ ಹೆಂಗಸರು ಬರುತ್ತಾರೆ. ಬುಟ್ಟಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ನಿಂತವರ ಮೊಣಕೈ ತಾಗದಂತೆ ತೊಡೆಯ ಮೇಲಿಟ್ಟುಕೊಂಡೇ ಅಷ್ಟು ದೂರ ಬಂದಿರುತ್ತಾರೆ. ಭವನದೊಳಗೆ ಬುಟ್ಟಿ ಇಟ್ಟಾದ ಮೇಲೂ ಅವರು ಕುರ್ಚಿಯಲ್ಲಿ ಕೂರುವುದಿಲ್ಲ. ಉಳಿದವರ ಬುಟ್ಟಿಗಳನ್ನು ನೋಡಬೇಕಲ್ಲ! ಅವರು ನೋಡುವ ಬಗೆಯೇ ಬೇರೆ. ಬಗ್ಗಿ, ಬುಟ್ಟಿಯನ್ನು ಒಂದು ಸುತ್ತು ತಿರುಗಿಸಿ, ಮೊದಲು ಹೊರಟ ಎಳೆ ಹೋಗಿ ಎಲ್ಲಿ ಕೂಡಿತು ಎಂದು ನೋಡುತ್ತಾರೆ. ಬೆರಳ ತುದಿಯಿಂದ ಬಿಳಿಯನ್ನು ಮೆಲ್ಲಗೆ ಸವರುತ್ತಾರೆ. ಅಕ್ಕಿಹಿಟ್ಟಿನ ಬಿಳಿಯಾದರೆ ಒಣಗಿದ ಮೇಲೆ ಬೆರಳಿಗೆ ತುಸು ಉಬ್ಬಾಗಿ ಸಿಗುತ್ತದೆ. ಅಂಗಡಿಯ ಬಣ್ಣ ನುಣ್ಣಗೆ ಜಾರುತ್ತದೆ.

ಅಜ್ಜಿಯೊಬ್ಬರು ಕಾಲೇಜು ಹುಡುಗಿಯೊಬ್ಬಳ ಬುಟ್ಟಿಯ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದರು.

"ಎಷ್ಟ್ ಎಳೆ ಬರ್ದೀಯೆ ಮಗಾ?"

"ಐದೆಳೆ ಅಜ್ಜಿ."

"ಬುಟ್ಟಿ ಸಣ್ಣದು. ಮೂರೆಳೆ ಸಾಕಾಗಿತ್ತು. ಆದ್ರೂ ಕೈ ನಡುಗಿಲ್ಲ ನಿಂದು."

ಹುಡುಗಿಯ ಮುಖ ಅರಳಿತು. ಆ ದಿನ ವೇದಿಕೆಯ ಮೇಲೆ ಯಾರಿಗೆ ಯಾವ ಬಹುಮಾನ ಬಂತೋ ನನಗೆ ನೆನಪಿಲ್ಲ. ನಾನು ಅಲ್ಲಿ ಕೇಳಿದ ನಿಜವಾದ ವಿಮರ್ಶೆ ಆ ಅಜ್ಜಿಯದು.

ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಮನೆಗಳ ಕಲೆ. ಬರೆಯುವವರು ಹೆಚ್ಚಾಗಿ ಹೆಂಗಸರು. ಮದುವೆಗೆ ಗೋಡೆಯ ಮೇಲೆ ಬರೆದರೆ ಅದು ಹಸೆ ಚಿತ್ತಾರ. ಗಂಡು ಹೆಣ್ಣನ್ನು ಅದರ ಎದುರಿಗೆ ಕೂರಿಸುತ್ತಾರೆ. ಭೂಮಿ ಹುಣ್ಣಿಮೆಗೆ, ಅಂದರೆ ಸೀಗಿ ಹುಣ್ಣಿಮೆಗೆ, ಬರೆಯುವುದು ಬುಟ್ಟಿಯ ಮೇಲೆ; ಅದೇ ಭೂಮಣ್ಣಿ ಬುಟ್ಟಿ. ದಸರೆ ಮುಗಿದು ಹುಣ್ಣಿಮೆ ಬರುವವರೆಗಿನ ನಾಲ್ಕೈದು ದಿನ ಈ ಮನೆಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬುಟ್ಟಿಗೆ ಮೊದಲು ಸಗಣಿ ಬಳಿದು ಬಿದಿರಿನ ಸಂದು ಮುಚ್ಚಬೇಕು. ಅದು ಒಣಗಿದ ಮೇಲೆ ಕೆಮ್ಮಣ್ಣು. ಬಿಳಿಗೆ ಅಕ್ಕಿ ನೆನೆಹಾಕಿ ನುಣ್ಣಗೆ ಅರೆಯಬೇಕು, ಕಪ್ಪಿಗೆ ಅದೇ ಅಕ್ಕಿಯನ್ನು ಕರಿಯಾಗುವಂತೆ ಹುರಿದು ಅರೆಯಬೇಕು. ಹಳದಿ ಬರುವುದು ಕಾಡಿನ ಗುರಿಗೆ ಕಾಯಿಯಿಂದ. ನಾಲ್ಕೇ ಬಣ್ಣ; ನಾಲ್ಕೂ ಮನೆಯ ಸುತ್ತಲಿನವು.

ಕುಂಚ ಪುಂಡಿ ನಾರಿನದು. ಪುಂಡಿ ಗಿಡವನ್ನು ನೀರಿನಲ್ಲಿ ಕೊಳೆಹಾಕಿ ತೆಗೆದ ನಾರನ್ನು ಬೆರಳುದ್ದಕ್ಕೆ ಕತ್ತರಿಸಿ ಕಟ್ಟಿಕೊಳ್ಳುತ್ತಾರೆ. ದಪ್ಪ ಎಳೆಗೆ ಹೆಚ್ಚು ನಾರು, ತೆಳು ಎಳೆಗೆ ಒಂದೆರಡೇ. ಜಗುಲಿಯಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುವವರ ಪಕ್ಕದಲ್ಲಿ ಕೂತರೆ ತಿಳಿಯುತ್ತದೆ: ಓಡಾಡುವುದು ಕುಂಚವಲ್ಲ, ಬುಟ್ಟಿ. ಎಡಗೈ ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗುತ್ತದೆ. ಬಲಗೈಯ ನಾರು ಹೆಚ್ಚುಕಡಿಮೆ ನಿಂತಲ್ಲೇ ನಿಂತು, ತನ್ನ ಕೆಳಗೆ ಹಾದುಹೋಗುವ ಕೆಂಪಿನ ಮೇಲೆ ಬಿಳಿಯನ್ನು ಬಿಡುತ್ತದೆ. ನೆಯ್ಗೆ ಉಬ್ಬುತಗ್ಗಾಗಿರುವುದರಿಂದ ಬಿದಿರಿನ ಪ್ರತಿ ಏಣಿನ ಮೇಲೂ ನಾರು ಏರಿ ಇಳಿಯಬೇಕು. ಪೆನ್ಸಿಲ್ಲಿನ ಗುರುತಿಲ್ಲ, ಅಳತೆಪಟ್ಟಿಯಿಲ್ಲ. ಒಂದು ಸುತ್ತು ಮುಗಿದು ಎಳೆಯ ಕೊನೆ ಎಳೆಯ ಮೊದಲಿಗೆ ಕೂಡುವ ಹೊತ್ತಿಗೆ ಬರೆಯುವವರು ಉಸಿರು ಬಿಗಿಹಿಡಿದಿರುತ್ತಾರೆ. ನೋಡುವವರದೂ ಅದೇ ಪಾಡು.

ಆಮೇಲೆ ಎಳೆಗಳ ನಡುವಿನ ಜಾಗ ತುಂಬುತ್ತದೆ. ಗೊಂಬೆ ಸಾಲು, ಬಾಸಿಂಗ, ಮೂಲೆ ಆರತಿ, ಜೋಗಿ ಜಡೆ, ಭತ್ತದ ಸಸಿ. ಗೊಂಬೆಗಳಿಗೆ ಮುಖವಿಲ್ಲ, ಉಡುಗೆಯಿಲ್ಲ. ಎರಡು ತ್ರಿಕೋನ, ಎರಡು ಕೈ, ಎರಡು ಕಾಲು, ಅಷ್ಟೇ. ಆದರೆ ಒಂದರ ಪಕ್ಕ ಒಂದು ನಿಂತಾಗ ದಿಬ್ಬಣ ಹೊರಟಂತೆ ಕಾಣುತ್ತದೆ. ಯಾವ ಕಲಾಶಾಲೆಯೂ ಕಲಿಸಿದ್ದಲ್ಲ ಇದು. ತಾಯಿ ಬರೆಯುವಾಗ ಮಗಳು ಪಕ್ಕದಲ್ಲಿ ಕೂತು ಚುಕ್ಕಿ ಇಡುತ್ತ ಕಲಿತದ್ದು.

ಮನೆಗೆ ಬುಟ್ಟಿಗಳು ಎರಡು, ಒಂದು ದೊಡ್ಡದು, ಒಂದು ಚಿಕ್ಕದು. ಹುಣ್ಣಿಮೆಯ ಹಿಂದಿನ ರಾತ್ರಿ ಒಲೆ ಆರುವುದಿಲ್ಲ. ಕೆಸುವಿನ ಸೊಪ್ಪು, ಅಮಟೆ ಸೊಪ್ಪು, ಹಾಗಲ ಸೊಪ್ಪು, ಬೇಲಿಯಲ್ಲಿ ಹಿತ್ತಿಲಲ್ಲಿ ಸಿಕ್ಕ ಹಲವು ಕುಡಿಗಳನ್ನು ಕೊಯ್ದು ಬೇಯಿಸಿ, ಅನ್ನ ಬೆರೆಸಿ ಹಚ್ಚಂಬಲಿ ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಮನೆಯ ಗಂಡಸರು ದೊಂದಿ ಹಿಡಿದು ಹೊರಟು, ಭೂಮಿತಾಯಿಯನ್ನು ಕೂಗಿ ಕರೆಯುತ್ತ ಗದ್ದೆ ತೋಟದ ಮೂಲೆಮೂಲೆಗೆ ಅದನ್ನು ಬೀರುತ್ತಾರೆ. ಒಂದು ಗದ್ದೆಯ ಕೂಗಿಗೆ ಕೆಳಗಿನ ಬಯಲಿನಿಂದ ಇನ್ನೊಂದು ಕೂಗು. ಮಂಜಿನಲ್ಲಿ ಮನುಷ್ಯರು ಕಾಣುವುದಿಲ್ಲ. ಬೆಂಕಿಯ ಕುಡಿಗಳು ಬದುವಿನ ಮೇಲೆ ನಡೆದುಹೋಗುವುದಷ್ಟೇ ಕಾಣುತ್ತದೆ.

ಆಗ ಭತ್ತ ಹೊಡೆಯಾಗಿರುತ್ತದೆ. ತೆನೆ ಇನ್ನೂ ಗರಿಯೊಳಗೇ ಇದೆ, ಹೊಟ್ಟೆ ಉಬ್ಬಿದೆ. ಬಸುರಿಗೆ ಬಯಕೆ ತೀರಿಸಬೇಕು. ಅದಕ್ಕೇ ಕಡುಬು, ಸೊಪ್ಪು, ಪಾಯಸ. ಬಿಸಿಲೇರುವ ಮೊದಲು ಮನೆಮಂದಿಯೆಲ್ಲ ಚಿತ್ತಾರದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಗದ್ದೆಗೆ ಬರುತ್ತಾರೆ. ಒಂದು ಬುಡ ಭತ್ತವನ್ನು ಆರಿಸಿ ಅದಕ್ಕೆ ತಾಳಿ, ಬಳೆ, ಹೂವು ಇಟ್ಟು, ಬಟ್ಟೆ ಉಡಿಸಿ ಪೂಜೆ. ಎಡೆಯಲ್ಲಿ ಒಂದು ಪಾಲು ಭೂಮಿಗೆ, ಒಂದು ಕಾಗೆಗೆ. ಇಲಿಗೂ ಒಂದು ಪಾಲು ಇಡುವವರಿದ್ದಾರೆ. ಉಳಿದದ್ದನ್ನು ಬದುವಿನ ಮೇಲೆ ಎಲೆ ಹಾಕಿ ಎಲ್ಲರೂ ಕೂತು ಉಣ್ಣುತ್ತಾರೆ.

ಕೆಮ್ಮಣ್ಣಿನ ಬುಟ್ಟಿ ಹಸಿರು ಗದ್ದೆಯ ನಡುವೆ ಇಬ್ಬನಿಯಲ್ಲಿ ನೆನೆದು ಕೂತಾಗ ಅದರ ಬಿಳಿ ಎಳೆಗಳಿಗೆ ಬರುವ ಕಳೆ, ಸಭಾಭವನದ ಟ್ಯೂಬ್‌ಲೈಟಿನ ಕೆಳಗೆ ಬರಲಾರದು. ಎರಡನ್ನೂ ನೋಡಿದವರು ಈ ಮಾತನ್ನು ಒಪ್ಪುತ್ತಾರೆ.

ಈ ಗದ್ದೆಗಳಿಗೆ ಇನ್ನೊಂದು ಕತೆಯೂ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಹೊತ್ತಿಕೊಂಡ ಚಳವಳಿ ಅದು. ಎಚ್. ಗಣಪತಿಯಪ್ಪ ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಅಂದು ಸೆರೆಮನೆ ಸೇರಿದ ರೈತರಲ್ಲಿ ಬಹುಪಾಲು ದೀವರು. ಉಳುವವನಿಗೇ ಹೊಲ ಕೊಟ್ಟ ಕಾಯ್ದೆ ಜಾರಿಗೆ ಬಂದದ್ದು 1974ರಲ್ಲಿ. ಅಲ್ಲಿಯವರೆಗೆ ಈ ಹೆಂಗಸರು ವರ್ಷ ವರ್ಷ ಇಷ್ಟು ಚಂದವಾಗಿ ಬರೆದ ಬುಟ್ಟಿಗಳನ್ನು ಹೊತ್ತುಕೊಂಡು ಹೋಗುತ್ತಿದ್ದುದು ಬಹುಮಟ್ಟಿಗೆ ಬೇರೆಯವರ ಹೆಸರಿನಲ್ಲಿದ್ದ ಗದ್ದೆಗಳಿಗೆ. ಭೂಮಿ ಯಾರದ್ದೇ ಇರಲಿ, ಅವಳ ಸೀಮಂತ ಮಾಡಿದವರು ಇವರೇ. ಪ್ರದರ್ಶನದ ವೇದಿಕೆಗಳಲ್ಲಿ ಚಿತ್ತಾರದ ಚೆಲುವಿನ ಬಗ್ಗೆ ಎಷ್ಟೋ ಭಾಷಣಗಳಾಗುತ್ತವೆ. ಈ ಮಾತನ್ನು ಯಾರಾದರೂ ಒಮ್ಮೆಯಾದರೂ ಆಡಬೇಕು.

ಸಾಗರದ ಸೀಮೆಗೆ ಕಲೆಯ ಸಂಭ್ರಮ ಹೊಸದಲ್ಲ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಊರನ್ನೇ ತುಂಬುತ್ತದೆ. ಪೇಟೆಯ ಗುಡಿಗಾರರ ಗಂಧದ ಕೆತ್ತನೆ ದೇಶದೇಶಗಳಿಗೆ ಹೋಗಿದೆ. ಪೇಟೆಗೆ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ, ಅಡಿಕೆ ತೋಟಗಳ ನಡುವೆ ರಂಗಮಂದಿರ ಕಟ್ಟಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ. ಇದನ್ನೆಲ್ಲ ಕಟ್ಟಿ, ಹಳ್ಳಿಯಲ್ಲಿದ್ದೇ ಜಗತ್ತಿನ ನಾಟಕ ಆಡಬಹುದು ಎಂದು ತೋರಿಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿನ ಸಂಸ್ಕೃತಿ ಶಿಬಿರವೂ ಹೆಚ್ಚಾಗಿ ಇದೇ ಅಕ್ಟೋಬರಿನ ದಿನಗಳಲ್ಲಿ. ಹೊರಗಿನಿಂದ ಬಂದವರು ರಾತ್ರಿ ನಾಟಕ ನೋಡಿ, ಬೆಳಿಗ್ಗೆ ಇಕ್ಕೇರಿ, ಕೆಳದಿಯ ಗುಡಿಗಳಿಗೆ ಹೋಗಿ ಬರುತ್ತಾರೆ. ದಾರಿಬದಿಯ ಹಳ್ಳಿಯ ಜಗುಲಿಯಲ್ಲಿ ಬುಟ್ಟಿ ಹಿಡಿದು ಕೂತವಳು ಅವರ ಕಣ್ಣಿಗೆ ಬೀಳುವುದು ಅಪರೂಪ.

ಗೋಡೆಯ ಚಿತ್ತಾರಕ್ಕಂತೂ ಗೋಡೆಯೇ ಇಲ್ಲದಂತಾಗಿದೆ. ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂತು. ಮದುವೆ ಮನೆಯಂಗಳದಿಂದ ಕಲ್ಯಾಣ ಮಂಟಪಕ್ಕೆ ಹೋಯಿತು. ಹಸೆ ಈಗ ಹಲಗೆಯ ಮೇಲೆ, ಬಟ್ಟೆಯ ಮೇಲೆ, ಚೌಕಟ್ಟಿನೊಳಗೆ ಬದುಕಿಕೊಂಡಿದೆ. ಅದನ್ನು ಹಾಗೆ ಉಳಿಸಿಕೊಂಡು, ದೂರದ ನಗರಗಳ ಮೇಳಗಳಿಗೂ ಒಯ್ದು ಕಲಿಸುತ್ತಿರುವ ಕಲಾವಿದರು ಈ ಹಳ್ಳಿಗಳಲ್ಲಿದ್ದಾರೆ. ಅವರಿಗೆ ಕೈಮುಗಿಯಬೇಕು. ಬುಟ್ಟಿಯ ಸಂಗತಿ ಬೇರೆ. ಅದಕ್ಕೆ ಇನ್ನೂ ಗದ್ದೆಯಿದೆ, ಹಬ್ಬವಿದೆ. ಆದರೆ ಗದ್ದೆ ಕರಗುತ್ತಿದೆ. ಭತ್ತಕ್ಕೆ ಬೆಲೆಯಿಲ್ಲ, ನಾಟಿಗೆ ಆಳಿಲ್ಲ, ಹಂದಿ ಮಂಗಗಳ ಕಾಟ. ವರ್ಷ ವರ್ಷ ಒಂದೊಂದು ಬಯಲಿಗೆ ಮಣ್ಣು ಏರಿಸಿ ಅಡಿಕೆ ಸಸಿ ಇಡುತ್ತಿದ್ದಾರೆ. ಇದಕ್ಕೆ ರೈತರನ್ನು ದೂರಲಾರೆ. ಮಕ್ಕಳ ಓದು, ಮನೆ, ಸಾಲ ಎಲ್ಲವೂ ಅಡಿಕೆಯನ್ನು ನೋಡಿಕೊಂಡೇ ನಡೆಯಬೇಕು. ಅಡಿಕೆ ಮರದ ಬುಡದಲ್ಲೂ ಪೂಜೆ ನಡೆಯುತ್ತದೆ, ಎಡೆ ಇಡುತ್ತಾರೆ, ನಿಜ. ಆದರೂ ಹೊಡೆ ತುಂಬಿದ ಭತ್ತವಿಲ್ಲದ ಭೂಮಿ ಹುಣ್ಣಿಮೆಗೆ ಬಸುರಿಯಿಲ್ಲದ ಸೀಮಂತದ ಬಡತನ ಬರುತ್ತದೆ. ಬದುವಿನಲ್ಲಿ ಪುಂಡಿ ಬೆಳೆಯುವವರೂ ಕಡಿಮೆ. ನಾರಿಲ್ಲದವರು ಅಂಗಡಿಯ ಬ್ರಷ್ ಹಿಡಿಯುತ್ತಾರೆ, ಬ್ರಷ್ ಬಂದರೆ ಹಿಂದೆಯೇ ಡಬ್ಬಿಯ ಬಣ್ಣವೂ ಬರುತ್ತದೆ.

ಹಾಗಾಗಿ ಪ್ರದರ್ಶನಗಳು ಬೇಡವೆಂದು ನಾನು ಹೇಳಲಾರೆ. ಎಳೆಯ ಹುಡುಗಿಯರ ಕೈಗೆ ನಾರು ಬರುವಂತೆ ಮಾಡಿದ್ದರಲ್ಲಿ ಅವುಗಳ ಪಾಲು ದೊಡ್ಡದು. ನಡೆಸುವವರಲ್ಲಿ ಕೆಲವು ಕೋರಿಕೆ ಮಾತ್ರ. ಬುಟ್ಟಿಯ ಮುಂದಿನ ಚೀಟಿಯಲ್ಲಿ ನಂಬರಿನ ಜೊತೆ ಬರೆದವಳ ಹೆಸರು, ಊರು ಇರಲಿ. ತೀರ್ಪಿನ ಹೊತ್ತಿಗೆ ಬೇಕಾದರೆ ಮುಚ್ಚಿಡಿ, ಆಮೇಲೆ ತೆರೆದುಬಿಡಿ. ಡಬ್ಬಿಯ ಬಣ್ಣದ ಬುಟ್ಟಿಗಳಿಗೆ ಬೇರೆ ಸಾಲು ಮಾಡಿ. ತೀರ್ಪುಗಾರರ ಸಾಲಿನಲ್ಲಿ ಹಳ್ಳಿಯ ಅಜ್ಜಿಯಂದಿರಿಬ್ಬರನ್ನಾದರೂ ಕೂರಿಸಿ. ಸ್ಪರ್ಧೆ ಹಬ್ಬಕ್ಕೆ ಮೊದಲೇ ಮುಗಿಯಲಿ. ಬಹುಮಾನ ಬಂದ ಬುಟ್ಟಿ ಗಾಜಿನ ಕಪಾಟು ಸೇರದೆ ಹುಣ್ಣಿಮೆಯ ಬೆಳಿಗ್ಗೆ ಗದ್ದೆಗೆ ಹೋಗಲಿ.

ಮುಂದಿನ ಸೀಗಿ ಹುಣ್ಣಿಮೆಗೆ ನೀವು ಸಾಗರದ ಕಡೆ ಬರುವುದಾದರೆ ಒಂದು ದಿನ ಮೊದಲೇ ಬನ್ನಿ. ಜಗುಲಿಯಲ್ಲಿ ಬರೆಯುವವರ ಪಕ್ಕ ಅನುಮತಿ ಕೇಳಿ ಕೂರಿ. ಫೋಟೋ ಆಮೇಲೆ ತೆಗೆದುಕೊಂಡರಾಯಿತು. ಬೆಳಗಿನ ಜಾವ ಅವರ ಜೊತೆ ಗದ್ದೆಗೆ ಇಳಿಯಿರಿ. ಬದುವಿನ ಮೇಲೆ ನಿಮಗೂ ಒಂದು ಎಲೆ ಹಾಕಿಯೇ ಹಾಕುತ್ತಾರೆ. ಬೇಡವೆನ್ನದೆ ಕೂತು ಉಣ್ಣಿ.